ನೀರಿನ ತೂಕ, ಮೈಯ ತೂಕ: ಹೃದಯ ವೈಫಲ್ಯದ ರೋಗಿಯೊಬ್ಬರಲ್ಲಿ ಅಪೌಷ್ಟಿಕತೆ, ಒಂದು ಪ್ರಕರಣ ಅಧ್ಯಯನ

ದಾಖಲಾದ ದಿನ

ಗದಗ-ಬೆಟಗೇರಿಯ 62 ವರ್ಷದ ಕೈಮಗ್ಗದ ನೇಕಾರರೊಬ್ಬರನ್ನು ಮೇ ತಿಂಗಳ ಕೊನೆಯ ವಾರದಲ್ಲಿ ಅವರ ಹೆಂಡತಿ ಮತ್ತು ಮಗಳು ಹುಬ್ಬಳ್ಳಿಯ ಆಸ್ಪತ್ರೆಗೆ, ನಾನು ಆಹಾರತಜ್ಞೆಯಾಗಿ ಕೆಲಸ ಮಾಡುವ ವಾರ್ಡಿಗೆ, ಕರೆತಂದರು. ಎರಡೂ ಕಾಲು ಮೊಣಕಾಲಿನವರೆಗೆ ಬಾತಿದ್ದವು. ಹೊಟ್ಟೆಯಲ್ಲಿ ನೀರು ತುಂಬಿತ್ತು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಎರಡು ವಾರಗಳಿಂದ ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದರು. ಮೂರು ವರ್ಷದ ಹಿಂದೆ ಅವರಿಗೆ ಹೃದಯಾಘಾತವಾಗಿತ್ತು. ಹನ್ನೊಂದು ತಿಂಗಳ ಹಿಂದೆ ಮೊದಲ ಬಾರಿ ಹೃದಯ ವೈಫಲ್ಯವೆಂದು ಬೇರೊಂದು ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ, ಬಾವು ಪೂರ್ತಿ ಇಳಿದ ಮೇಲೆ 58 ಕಿಲೋ ತೂಕದೊಂದಿಗೆ ಮನೆಗೆ ಹೋಗಿದ್ದರು. ಈ ಸಲದ ಎಕೋ ಪರೀಕ್ಷೆಯಲ್ಲಿ ಹೃದಯದ ಎಡ ಕುಹರದ ಎಜೆಕ್ಷನ್ ಫ್ರ್ಯಾಕ್ಷನ್ (ಪ್ರತಿ ಬಡಿತಕ್ಕೆ ಕುಹರ ಹೊರದೂಡುವ ರಕ್ತದ ಪಾಲು) ಶೇ. 28 ಮಾತ್ರ ಇತ್ತು. ರೋಗಿ ಮತ್ತು ಕುಟುಂಬದ ಒಪ್ಪಿಗೆಯಿಂದ, ಗುರುತು ಸಿಗುವಂಥ ವಿವರಗಳನ್ನು ಬಿಟ್ಟು, ಇದನ್ನು ಬರೆಯುತ್ತಿದ್ದೇನೆ.

ದಾಖಲಾದ ದಿನ ಅವರ ತೂಕ 59 ಕಿಲೋ, ಎತ್ತರ 164 ಸೆಂ.ಮೀ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಲೆಕ್ಕ ಹಾಕಿದರೆ 21.9 ಬರುತ್ತದೆ. ಪೋಷಣೆಯ ತಪಾಸಣೆಯ ಹಾಳೆಯಲ್ಲಿ "ತೂಕ ಸಾಧಾರಣ, ತೂಕ ಇಳಿದಿಲ್ಲ, ಅಪಾಯ ಕಡಿಮೆ" ಎಂದು ಬರೆಯಲಾಯಿತು. ಆ ಸಾಲನ್ನು ಬರೆದವಳು ನಾನೇ. ಅಂಕಿಗಳಲ್ಲಿ ತಪ್ಪಿರಲಿಲ್ಲ, ಆದರೆ ಅವು ಯಾವುದರ ತೂಕ ಎಂದು ನಾನು ಕೇಳಿಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ರಕ್ತದೊತ್ತಡ ನೋಡಲು ನರ್ಸ್ ಅವರ ಕೈ ಹಿಡಿದಾಗ ಬೆರಳಿನ ಉಂಗುರ ನನ್ನ ಕಣ್ಣಿಗೆ ಬಿತ್ತು. ಉಂಗುರದ ಒಳಭಾಗಕ್ಕೆ ಬಿಳಿ ನೂಲನ್ನು ಒತ್ತೊತ್ತಾಗಿ, ಒಂದರ ಪಕ್ಕ ಒಂದು ಎಳೆ ಕೂರುವಂತೆ ಸುತ್ತಿದ್ದರು. ಮಗ್ಗದ ಕೈ ಸುತ್ತಿದ ದಾರವೆಂದು ನೋಡಿದರೇ ತಿಳಿಯುತ್ತಿತ್ತು. ಎಷ್ಟು ಸುತ್ತು ಎಂದು ಕೇಳಿದೆ. ದೀಪಾವಳಿಯ ಹೊತ್ತಿಗೆ ಉಂಗುರ ಜಾರತೊಡಗಿದಾಗ ನಾಲ್ಕು ಸುತ್ತು ಸುತ್ತಿದ್ದಾಗಿಯೂ, ಆಮೇಲೆ ಏರಿಸುತ್ತ ಬಂದು ಈಗ ಒಂಬತ್ತಾಗಿರುವುದಾಗಿಯೂ ಹೇಳಿದರು. ಕಾಲಿಗೆ ಚಪ್ಪಲಿ ಹಿಡಿಯದಷ್ಟು ಬಾವು, ಬೆರಳಿಗೆ ಉಂಗುರ ನಿಲ್ಲದಷ್ಟು ಸೊರಗು. ಎರಡೂ ಒಂದೇ ಮೈಯಲ್ಲಿದ್ದವು. ಆಮೇಲೆ ಅಂಗಿ ಬಿಚ್ಚಿಸಿ ನೋಡಿದಾಗ ಕಣತಲೆ ಕುಸಿದಿತ್ತು, ಕೊರಳೆಲುಬಿನ ಮೇಲೆ ಗುಂಡಿ ಬಿದ್ದಿತ್ತು, ಭುಜದ ಸ್ನಾಯು ಕರಗಿ ಎಲುಬಿನ ಮೂಲೆ ಎದ್ದು ಕಾಣುತ್ತಿತ್ತು. ತೋಳಿನ ನಡುಭಾಗದ ಸುತ್ತಳತೆ 20.5 ಸೆಂ.ಮೀ. ಇತ್ತು. ಮುಷ್ಟಿಯ ಬಲ 15 ಕಿಲೋ. ಏಷ್ಯಾದ ಗಂಡಸರಲ್ಲಿ ಇದು 28 ಕಿಲೋಗಿಂತ ಕಡಿಮೆಯಾದರೆ ಸ್ನಾಯುಬಲ ಕುಗ್ಗಿದೆ ಎಂದು ಪರಿಗಣಿಸುತ್ತಾರೆ.

ರಕ್ತನಾಳದ ಮೂಲಕ ಫ್ಯೂರೋಸೆಮೈಡ್ ಕೊಟ್ಟು ನೀರು ಇಳಿಸಿದ ಮೇಲೆ, ಎಂಟನೆಯ ದಿನ ಬಾವಿಲ್ಲದ ಮೈ ತೂಗಿದ್ದು 49.5 ಕಿಲೋ. ಬಿಎಂಐ 18.4ಕ್ಕೆ ಬಂತು. ಹನ್ನೊಂದು ತಿಂಗಳಲ್ಲಿ 58ರಿಂದ 49.5ಕ್ಕೆ, ಅಂದರೆ ಮೈಯ ಸ್ವಂತ ತೂಕದ ಸುಮಾರು ಶೇ. 15ರಷ್ಟು ಹೋಗಿತ್ತು. ದೀರ್ಘ ಕಾಯಿಲೆಯವರಲ್ಲಿ ಬಾವು ಬಿಟ್ಟು ಲೆಕ್ಕ ಹಾಕಿದ ತೂಕ ಒಂದು ವರ್ಷದೊಳಗೆ ಶೇ. 5ಕ್ಕಿಂತ ಹೆಚ್ಚು ಇಳಿದು, ಜೊತೆಗೆ ಸ್ನಾಯುಬಲ ಕುಗ್ಗುವುದು, ಹಸಿವು ಸಾಯುವುದು, ರಕ್ತಹೀನತೆ ಮೊದಲಾದ ಲಕ್ಷಣಗಳೂ ಕಂಡರೆ ಅದನ್ನು ಕ್ಯಾಕೆಕ್ಸಿಯಾ ಎಂದು ಕರೆಯುತ್ತಾರೆ. ಈ ರೋಗಿಯಲ್ಲಿ ಅವೆಲ್ಲವೂ ಇದ್ದವು. ಹೊರರೋಗಿ ವಿಭಾಗದ ಪ್ರತಿ ಭೇಟಿಯಲ್ಲೂ ಅವರನ್ನು ತೂಗಿದ್ದರು. ಒಂದು ಕಿಲೋ ಮಾಂಸ ಹೋದಲ್ಲಿ ಒಂದು ಕಿಲೋ ನೀರು ಬಂದು ಕೂರುತ್ತಿದ್ದುದರಿಂದ ಚೀಟಿಯಲ್ಲಿ 58, 57.5, 58 ಎಂದೇ ದಾಖಲಾಗುತ್ತ ಬಂದಿತ್ತು.

ತಟ್ಟೆಯಿಂದ ಹೋದದ್ದು

ಮೂರನೆಯ ದಿನ, ಉಸಿರು ಸ್ವಲ್ಪ ಹದಕ್ಕೆ ಬಂದ ಮೇಲೆ, ರೋಗಿ ಮತ್ತು ಅವರ ಹೆಂಡತಿಯೊಂದಿಗೆ ಕೂತು ಮನೆಯ ಊಟದ ಲೆಕ್ಕ ತೆಗೆದೆ. ಬೆಳಿಗ್ಗೆ ಅರ್ಧ ಕಪ್ಪು ಚಹಾ, ಎರಡು ಬಿಸ್ಕಿಟ್. ಮಧ್ಯಾಹ್ನ ಒಂದು ಬಟ್ಟಲು ಉಪ್ಪಿಲ್ಲದ ಅಕ್ಕಿ ಗಂಜಿ. ಸಂಜೆ ಮತ್ತೆ ಚಹಾ, ಬಿಸ್ಕಿಟ್. ರಾತ್ರಿ ಒಂದು ಹಿಡಿ ಅನ್ನ, ಮೇಲೆ ಉಪ್ಪಿಲ್ಲದ ತಿಳಿಸಾರು. ಅದೂ ಪೂರ್ತಿ ಹೋಗುತ್ತಿರಲಿಲ್ಲ. ಎಲ್ಲ ಕೂಡಿಸಿದರೆ ದಿನಕ್ಕೆ ಸುಮಾರು 650 ಕ್ಯಾಲರಿ, 14 ಗ್ರಾಂ ಪ್ರೋಟೀನ್. ಅವರ ಬಾವಿಲ್ಲದ ತೂಕಕ್ಕೆ ಬೇಕಾದದ್ದು ಹೆಚ್ಚುಕಡಿಮೆ 1,500 ಕ್ಯಾಲರಿ ಮತ್ತು 55ರಿಂದ 60 ಗ್ರಾಂ ಪ್ರೋಟೀನ್.

ಈ ಪಟ್ಟಿಯಲ್ಲಿ ಏನಿದೆ ಎನ್ನುವುದಕ್ಕಿಂತ ಏನಿಲ್ಲ ಎನ್ನುವುದು ನನ್ನನ್ನು ತಡೆದು ನಿಲ್ಲಿಸಿತು. ಬೆಟಗೇರಿಯ ಮನೆಯಲ್ಲಿ ಜೋಳದ ರೊಟ್ಟಿ ಇಲ್ಲ, ಶೇಂಗಾ ಚಟ್ನಿ ಇಲ್ಲ, ಕಾಳುಪಲ್ಯ ಇಲ್ಲ, ಮೊಸರಿಲ್ಲ, ಮಜ್ಜಿಗೆಯಿಲ್ಲ. "ಹಾರ್ಟ್ ಪೇಶಂಟ್ ಅಂದಮ್ಯಾಲ ಪಥ್ಯ ಮಾಡಬೇಕಲ್ರೀ ಮೇಡಂ" ಎಂದರು ಅವರ ಹೆಂಡತಿ. ಆ ಪಥ್ಯ ಒಂದೇ ದಿನ, ಒಬ್ಬರೇ ಹೇಳಿ ಬಂದದ್ದಲ್ಲ. ಮೊದಲ ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ ಉಪ್ಪು, ಎಣ್ಣೆ ಕಡಿಮೆ ಮಾಡಿ, ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಬೇಡ ಎಂದಿತ್ತು. ಎಣ್ಣೆ ಕಡಿಮೆ ಎಂದದ್ದಕ್ಕೆ ಶೇಂಗಾ ಹೋಯಿತು. ಒಂದು ಲೀಟರ್ ಎಂದದ್ದಕ್ಕೆ ಬಾಯಾರಿಕೆಗೆ ನೀರು ಉಳಿದು ಮಜ್ಜಿಗೆ, ಹಾಲು ಹೋದವು. ರೊಟ್ಟಿ ಜಡ ಎಂದು ಹಿರಿಯ ನಾದಿನಿ ನಿಲ್ಲಿಸಿದರು, ಕಾಳು ವಾಯು ಎಂದು ಓಣಿಯ ಹಿರಿಯರೊಬ್ಬರು ಎಚ್ಚರಿಸಿದರು, ಮೊಸರು ಕಫವೆಂದು ಮನೆಯವರಿಗೇ ಅನ್ನಿಸಿತು, ಮೊಟ್ಟೆ ಕೊಲೆಸ್ಟರಾಲ್ ಎಂದು ಅಳಿಯ ಹೇಳಿದರು. ಪ್ರತಿಯೊಬ್ಬರೂ ಒಂದೊಂದನ್ನು, ಪ್ರೀತಿಯಿಂದಲೇ, ತೆಗೆದರು. ತೆಗೆದದ್ದರ ಜಾಗಕ್ಕೆ ಏನು ಇಡಬೇಕೆಂದು ಯಾರೂ ಹೇಳಲಿಲ್ಲ, ನಮ್ಮಂಥ ಆಸ್ಪತ್ರೆಯವರೂ ಹೇಳಿರಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆಯ ಜೋಳದ ರೊಟ್ಟಿಗೆ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ; ಕುದಿಯುವ ನೀರು, ಹಿಟ್ಟು, ಕೈಯ ಬಡಿತ, ಅಷ್ಟೇ. ಉಪ್ಪು ಕಡಿಮೆ ಮಾಡಬೇಕಾದ ರೋಗಿಗೆ ಇದಕ್ಕಿಂತ ಸಲ್ಲುವ ಧಾನ್ಯದ ಅಡುಗೆ ಹುಡುಕಿದರೂ ಸಿಗಲಾರದು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಇದೆ, ಅಕ್ಕಿಯಲ್ಲಿ 8 ಗ್ರಾಂ ಮುಟ್ಟುವುದೂ ಕಷ್ಟ. ರೊಟ್ಟಿಯನ್ನು ನಿಲ್ಲಿಸಿದ ಮನೆಯಲ್ಲಿ ಉಳಿದುಕೊಂಡ ಬಿಸ್ಕಿಟ್ಟಿನಲ್ಲಿ ಮಾತ್ರ ಉಪ್ಪೂ ಸೋಡಾವೂ ಇದ್ದವು. ಸಪ್ಪೆ ಊಟ ಬಾಯಿಗೆ ಹತ್ತದೆ ಸಂಜೆ ಓಣಿಯ ತುದಿಯ ಗಾಡಿಯಲ್ಲಿ ಎರಡು ಮಿರ್ಚಿ ಬಜಿ ತಿನ್ನುತ್ತಿದ್ದುದನ್ನು ಅವರು ಹೆಂಡತಿ ಹೊರಗೆ ಹೋದಾಗ ನನಗೆ ಹೇಳಿದರು. ಹೀಗೆ ಉಪ್ಪೂ ತಪ್ಪಲಿಲ್ಲ, ಊಟವೂ ಉಳಿಯಲಿಲ್ಲ. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಸೋಡಿಯಂ-ಎಚ್‌ಎಫ್ ಅಧ್ಯಯನದಲ್ಲಿ ಹೃದಯ ವೈಫಲ್ಯದ ರೋಗಿಗಳ ಆಹಾರದ ಸೋಡಿಯಂ ಅನ್ನು ದಿನಕ್ಕೆ 1,500 ಮಿ.ಗ್ರಾಂಗಿಂತ ಕೆಳಗಿಳಿಸುವ ಗುರಿ ಇಟ್ಟುಕೊಂಡರೂ ಸಾವು ಮತ್ತು ಆಸ್ಪತ್ರೆ ಸೇರುವ ಪ್ರಸಂಗಗಳು ಕಡಿಮೆಯಾಗಲಿಲ್ಲ. ಉಪ್ಪಿಗೆ ಮಿತಿ ಬೇಡವೆಂದು ಇದರ ಅರ್ಥವಲ್ಲ. ಆದರೆ ಅನ್ನವನ್ನೇ ಬಿಡಿಸುವಷ್ಟು ಬಿಗಿಯಾದ ಮಿತಿಯಿಂದ ಲಾಭವಿಲ್ಲ ಎಂದು ನಾನು ತಿಳಿಯುತ್ತೇನೆ.

ಮನೆಯವರು ಉಪ್ಪಿನ ಬದಲು ಅಂಗಡಿಯಿಂದ ಲೋ ಸೋಡಿಯಂ ಉಪ್ಪು ತಂದಿಟ್ಟಿದ್ದರು. ಅಂಥ ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ರಕ್ತದ ಪೊಟ್ಯಾಸಿಯಂ ಏರಿಸುವ ಎನಾಲಾಪ್ರಿಲ್ ಮತ್ತು ಸ್ಪೈರೊನೊಲ್ಯಾಕ್ಟೋನ್ ಔಷಧಗಳೆರಡನ್ನೂ ತೆಗೆದುಕೊಳ್ಳುವ, ಮೂತ್ರಪಿಂಡ ಸೋತ ರೋಗಿಗೆ ಅದು ಅಪಾಯ. ಅವರ ರಕ್ತದ ಪೊಟ್ಯಾಸಿಯಂ ಆಗಲೇ 5.2 ಇತ್ತು. ಸೈಂಧವ ಲವಣದ ಬಗ್ಗೆಯೂ ಮಗಳು ಕೇಳಿದರು. ಅದು ಬಹುಪಾಲು ಮಾಮೂಲಿ ಉಪ್ಪೇ, ಬಣ್ಣ ಬೇರೆ.

ಕರುಳು, ಯಕೃತ್ತು, ಉಸಿರು

"ನಾಕ ತುತ್ತು ಉಂಡ್ರ ಎದಿಮಟ ಬಂದಂಗ ಆಕ್ಕೈತ್ರಿ" ಎಂದು ರೋಗಿ ಹೇಳಿದ್ದನ್ನು ಮನೆಯವರು ಹಟವೆಂದು ತಿಳಿದಿದ್ದರು. ಹೃದಯದ ಬಲಭಾಗ ಸೋತಾಗ ಹಿಂದಕ್ಕೆ ನಿಂತ ರಕ್ತ ಯಕೃತ್ತಿನಲ್ಲಿ ತುಂಬಿ ಅದನ್ನು ಉಬ್ಬಿಸುತ್ತದೆ. ಉಬ್ಬಿದ ಯಕೃತ್ತು ಮತ್ತು ಹೊಟ್ಟೆಯ ನೀರು ಸೇರಿ ಜಠರಕ್ಕೆ ಹಿಗ್ಗಲು ಜಾಗವಿಲ್ಲದಂತೆ ಮಾಡುತ್ತವೆ. ಅದಕ್ಕೇ ನಾಲ್ಕು ತುತ್ತಿಗೆ ಹೊಟ್ಟೆ ತುಂಬಿದ ಅನುಭವ. ಯಕೃತ್ತು ಸೋತಾಗ ರಕ್ತದಲ್ಲಿ ಏರುವ ಬಿಲಿರುಬಿನ್ ಅವರಲ್ಲಿ 2.1 ಇದ್ದದ್ದೂ ಈ ಒತ್ತಡದಿಂದಲೇ. ಕಾಲು ಬಾತಂತೆ ಕರುಳಿನ ಗೋಡೆಯೂ ಬಾಯುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಬಾತ ಕರುಳು ಆಹಾರದ ಸಾರವನ್ನು, ಅದರಲ್ಲೂ ಕೊಬ್ಬನ್ನು, ಸರಿಯಾಗಿ ಹೀರುವುದಿಲ್ಲ. ಅದರ ಮೂಲಕ ಬ್ಯಾಕ್ಟೀರಿಯಾದ ವಿಷಾಂಶಗಳು ರಕ್ತಕ್ಕೆ ಸೇರಿ ಮೈಯಲ್ಲಿ ಉರಿಯೂತವನ್ನು ಕೆರಳಿಸುತ್ತವೆ ಎಂಬ ವಿವರಣೆಯೂ ಇದೆ. ಉರಿಯೂತದಲ್ಲಿ ಹೆಚ್ಚುವ ಟಿಎನ್‌ಎಫ್-ಆಲ್ಫಾದಂಥ ರಾಸಾಯನಿಕಗಳು ಒಂದು ಕಡೆ ಹಸಿವನ್ನು ಅಡಗಿಸಿ, ಇನ್ನೊಂದು ಕಡೆ ಸ್ನಾಯುವನ್ನು ಒಡೆಯುತ್ತವೆ. ಜೊತೆಗೆ ಪ್ರತಿ ಉಸಿರಿಗೂ ಶ್ರಮಪಡುವ ದೇಹ ಸುಮ್ಮನೆ ಕೂತಾಗಲೂ ಹೆಚ್ಚು ಶಕ್ತಿ ಸುಡುತ್ತದೆ. ಬರುವುದು ಕಡಿಮೆ, ಖರ್ಚು ಜಾಸ್ತಿ.

ಊಟ ಮಾಡುವುದೇ ಅವರಿಗೆ ಒಂದು ದುಡಿಮೆಯಾಗಿತ್ತು. ಎದುರಿಗೆ ಕೂತು ನೋಡಿದಾಗ ಗೊತ್ತಾಯಿತು: ತುತ್ತು ಬಾಯಿಗಿಟ್ಟು, ಅಗಿಯುವಾಗ ಮೂಗಿನ ಉಸಿರು ಸಾಲದೆ, ಅರ್ಧ ಅಗಿದದ್ದನ್ನು ಕೆನ್ನೆಗೆ ಒತ್ತಿಟ್ಟು ಬಾಯಿ ತೆರೆದು ಉಸಿರು ಎಳೆದುಕೊಂಡು, ಮತ್ತೆ ಅಗಿಯುತ್ತಿದ್ದರು. ಒಂದು ತುತ್ತಿಗೆ ಒಂದು ನಿಮಿಷದ ಮೇಲಾಗುತ್ತಿತ್ತು. ಮೈ ಸೊರಗಿ ವಸಡು ಕುಗ್ಗಿದ್ದರಿಂದ ಕೆಳಗಿನ ಕಟ್ಟಿಸಿದ ಹಲ್ಲು ಸಡಿಲವಾಗಿತ್ತು. ಹತ್ತು ತುತ್ತಿನ ಹೊತ್ತಿಗೆ ಗಂಜಿ ಆರಿ, ಅವರೂ ಸೋತು, ತಟ್ಟೆ ಸರಿಸುತ್ತಿದ್ದರು.

ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ 2.8ಕ್ಕೆ ಇಳಿದಿತ್ತು. ಇದನ್ನು ಅಪೌಷ್ಟಿಕತೆಯ ಅಳತೆಯೆಂದು ಓದುವ ರೂಢಿ ಇನ್ನೂ ಇದೆ. ಆದರೆ ಉರಿಯೂತ, ಯಕೃತ್ತಿನ ಒತ್ತಡ, ರಕ್ತದಲ್ಲಿ ನೀರು ಹೆಚ್ಚುವುದು ಇವೆಲ್ಲ ಅದನ್ನು ಇಳಿಸುವುದರಿಂದ, ಇಂಥ ರೋಗಿಯಲ್ಲಿ ಆ ಅಂಕಿಗಿಂತ ತೋಳಿನ ಸುತ್ತಳತೆಯನ್ನೂ ಮುಷ್ಟಿಯ ಬಲವನ್ನೂ ನಾನು ಹೆಚ್ಚು ನಂಬುತ್ತೇನೆ.

ಔಷಧದ ಪಾಲು

ಸುಮಾರು ಎರಡು ತಿಂಗಳಿಂದ ಬೆಳಿಗ್ಗೆ ವಾಕರಿಕೆ ಇರುವುದನ್ನು ಅವರು ಹೇಳಿದರು. ಹನ್ನೊಂದು ತಿಂಗಳ ಹಿಂದೆ, ಕ್ರಿಯಾಟಿನಿನ್ (ಮೂತ್ರಪಿಂಡ ಸೋತಷ್ಟೂ ರಕ್ತದಲ್ಲಿ ಏರುವ ತ್ಯಾಜ್ಯ) 1.1 ಇದ್ದಾಗ, ಡಿಗಾಕ್ಸಿನ್ ಎಂಬ ಹೃದಯದ ಔಷಧ 0.25 ಮಿ.ಗ್ರಾಂ ಶುರುವಾಗಿತ್ತು. ಈಗ ಕ್ರಿಯಾಟಿನಿನ್ 1.6. ಡಿಗಾಕ್ಸಿನ್ ಹೊರಹೋಗುವುದು ಬಹುಪಾಲು ಮೂತ್ರಪಿಂಡದ ಮೂಲಕ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಸ್ನಾಯು ಕರಗಿದವರಲ್ಲಿ 1.6 ಎಂಬ ಅಂಕಿಯೂ ಮೂತ್ರಪಿಂಡದ ಸೋಲನ್ನು ಕಡಿಮೆ ಮಾಡಿಯೇ ತೋರಿಸುತ್ತದೆ. ಹೃದ್ರೋಗ ತಜ್ಞರಿಗೆ ಈ ಸಂಶಯ ಹೇಳಿದಾಗ ಅವರು ಕೂಡಲೇ ಪರೀಕ್ಷೆ ಮಾಡಿಸಿದರು. ಡಿಗಾಕ್ಸಿನ್ ಮಟ್ಟ 2.3 ಬಂತು, ಹೃದಯ ವೈಫಲ್ಯದಲ್ಲಿ 0.5ರಿಂದ 0.9 ಸಾಕು. ಔಷಧ ನಿಲ್ಲಿಸಿದ ಐದನೆಯ ದಿನ ವಾಕರಿಕೆ ನಿಂತಿತು. ಅಪೌಷ್ಟಿಕತೆಯಿಂದ ಔಷಧದ ವಿಷ ಏರಿ, ಆ ವಿಷದಿಂದ ಹಸಿವು ಸತ್ತು, ಅದರಿಂದ ಅಪೌಷ್ಟಿಕತೆ ಇನ್ನಷ್ಟಾಗುವ ಸುತ್ತೊಂದು ಅಷ್ಟು ದಿನ ತಿರುಗುತ್ತಿತ್ತು.

ಫ್ಯೂರೋಸೆಮೈಡ್ ನೀರಿನೊಂದಿಗೆ ಥಯಮಿನ್ (ವಿಟಮಿನ್ ಬಿ1), ಮೆಗ್ನೀಸಿಯಂಗಳನ್ನೂ ಹೊರಹಾಕುತ್ತದೆ. ಥಯಮಿನ್ ಕೊರತೆ ಹೃದಯದ ಸ್ನಾಯುವನ್ನೇ ಇನ್ನಷ್ಟು ಸೋಲಿಸಬಲ್ಲದು. ಫ್ಯೂರೋಸೆಮೈಡ್‌ನಿಂದ ಬಾಯಿಯೂ ಒಣಗುತ್ತದೆ. ಎನಾಲಾಪ್ರಿಲ್ ಕೆಲವರಲ್ಲಿ ನಾಲಿಗೆಯ ರುಚಿ ಕೆಡಿಸುತ್ತದೆ, ಇವರಿಗೆ ಆ ತೊಂದರೆ ಕಾಣಲಿಲ್ಲ. ಹಿಮೋಗ್ಲೋಬಿನ್ 10.2, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) 64 ಇದ್ದು, ಕಬ್ಬಿಣದ ಕೊರತೆ ಸ್ಪಷ್ಟವಿತ್ತು. ಬಾತ ಕರುಳು ಕಬ್ಬಿಣದ ಗುಳಿಗೆಯನ್ನು ಹೀರುವುದು ಕಡಿಮೆಯಾದ್ದರಿಂದ ರಕ್ತನಾಳದ ಮೂಲಕವೇ ಕೊಡಲು ವೈದ್ಯರು ನಿರ್ಧರಿಸಿದರು.

ಮಗ್ಗ ನಿಂತ ಮನೆ

ಗುಣಿಮಗ್ಗದಲ್ಲಿ ಕೂತು ತುಳಿಯಬೇಕಾದ ಕಾಲುಗಳೇ ಬಾತ ಮೇಲೆ ದುಡಿಮೆ ನಿಂತಿತ್ತು. ಸೀರೆಯ ಲೆಕ್ಕಕ್ಕೆ ಕೂಲಿ ಸಿಗುವ ಕೆಲಸದಲ್ಲಿ ರಜೆಯೆಂಬುದಿಲ್ಲ. ಹೆಂಡತಿ ಅಕ್ಕಪಕ್ಕದ ಮಗ್ಗಗಳಿಗೆ ಕಂಡಿಕೆ (ಲಾಳಿಗಿಡುವ ನೂಲಿನ ಸುರುಳಿ) ಸುತ್ತಿ ತಂದದ್ದೇ ಮನೆಯ ಆದಾಯ. ಗೃಹಲಕ್ಷ್ಮಿಯ 2,000 ರೂಪಾಯಿ ಔಷಧದ ಅಂಗಡಿಗೇ ಸರಿಹೋಗುತ್ತಿತ್ತು. "ದುಡಿಯೂದು ಬಿಟ್ಟು ಕುಂತೇನ್ರಿ, ಉಣ್ಣಾಕ ಮನಸ್ಸರ ಹೆಂಗ ಬರತೈತಿ" ಎಂದು ರೋಗಿ ಒಮ್ಮೆ ಹೇಳಿದರು. ಖಿನ್ನತೆಯ ಪ್ರಶ್ನಾವಳಿಯಲ್ಲಿ ಮಧ್ಯಮ ಮಟ್ಟದ ಖಿನ್ನತೆ ಕಂಡಿತು.

ಬಿಡುಗಡೆಯ ಹಿಂದಿನ ದಿನ ಅವರ ಹೆಂಡತಿ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ, ಇನ್ನೊಂದು ವಿಷಯ ಹೇಳಿದರು. ರೊಟ್ಟಿ ನಿಲ್ಲಿಸಿದ್ದು ಜಡವೆಂದಷ್ಟೇ ಅಲ್ಲ. ಪಡಿತರದಲ್ಲಿ ಅಕ್ಕಿ ಬರುತ್ತದೆ, ಬಿಳಿಜೋಳವನ್ನು ಕೊಳ್ಳಬೇಕು; ಧಾರಣೆ ಏರಿದಾಗ ಕೊಳ್ಳುವುದನ್ನು ಬಿಟ್ಟರು. ಗಂಡ ಕೇಳಿದರೆ "ಡಾಕ್ಟರ್ ಬ್ಯಾಡ ಅಂದಾರ" ಎನ್ನುತ್ತಿದ್ದರು. ಈ ಮಾತು ಮೂರನೆಯ ದಿನದ ಲೆಕ್ಕದಲ್ಲಿ ಬರಲಿಲ್ಲ, ಬರುವುದೂ ಸಾಧ್ಯವಿರಲಿಲ್ಲ, ಏಕೆಂದರೆ ಅಂದು ರೋಗಿಯ ಎದುರಿಗೇ ಕೂತು ಕೇಳಿದ್ದೆ. ಅಂದಿನಿಂದ ಊಟದ ವಿವರವನ್ನು ರೋಗಿಯಿಂದಲೂ, ಅಡುಗೆ ಮಾಡುವವರಿಂದಲೂ ಬೇರೆಬೇರೆಯಾಗಿ ಕೇಳುತ್ತಿದ್ದೇನೆ.

ಊಟ ಮರಳಿದ ಬಗೆ

ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಪೂರ್ತಿ ಊಟ ಕೊಟ್ಟರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂಗಳು ಕುಸಿದು ಹೃದಯದ ಲಯವೇ ತಪ್ಪಬಹುದು. ಅದಕ್ಕಾಗಿ ಮೊದಲು ಥಯಮಿನ್ ಕೊಟ್ಟು, ನಾಲ್ಕನೆಯ ದಿನ 1,000 ಕ್ಯಾಲರಿಯಿಂದ ಶುರುಮಾಡಿದೆವು. ಆರನೆಯ ದಿನ ಫಾಸ್ಫೇಟ್ 2.1ಕ್ಕೆ ಇಳಿದಾಗ ಊಟವನ್ನು ಏರಿಸದೆ ಅಷ್ಟರಲ್ಲೇ ಇಟ್ಟು, ಫಾಸ್ಫೇಟನ್ನು ತುಂಬಿಕೊಟ್ಟು, ಎರಡು ದಿನ ಬಿಟ್ಟು ಮುಂದುವರಿದೆವು. ಹನ್ನೊಂದನೆಯ ದಿನ, ಬಿಡುಗಡೆಯ ಹೊತ್ತಿಗೆ, 1,400 ಕ್ಯಾಲರಿ ಮತ್ತು 52 ಗ್ರಾಂ ಪ್ರೋಟೀನ್ ಹೋಗುತ್ತಿತ್ತು.

ರೊಟ್ಟಿಯನ್ನು ಮರಳಿ ತರುವುದು ನನಗೆ ಮುಖ್ಯವೆನಿಸಿತ್ತು, ಆದರೆ ಸಡಿಲ ಹಲ್ಲಿಗೆ, ಸಾಲದ ಉಸಿರಿಗೆ ರೊಟ್ಟಿ ಆಗದು. ದಾರಿ ತೋರಿಸಿದವರು ಅವರ ಹೆಂಡತಿ: ಮುಟಗಿ. ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಜೀರಿಗೆ, ಸ್ವಲ್ಪ ಹಸಿಮೆಣಸಿನಕಾಯಿ, ಎರಡು ಚಮಚ ಶೇಂಗಾ ಎಣ್ಣೆ ಹಾಕಿ ಒರಳಲ್ಲಿ ಕುಟ್ಟಿ ಉಂಡೆ ಕಟ್ಟಿದರೆ, ಅಗಿಯುವ ಕೆಲಸ ಅರ್ಧವಾಗುತ್ತದೆ. ಅಂಗೈಯಷ್ಟು ಉಂಡೆಯಲ್ಲಿ ಮೂರು ಬಟ್ಟಲು ಗಂಜಿಯ ಶಕ್ತಿ ಇರುತ್ತದೆ. ಬೆಳ್ಳುಳ್ಳಿ ಮತ್ತು ಖಾರದಿಂದಾಗಿ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ತಿಳಿಯುವುದಿಲ್ಲ. ದಿನದ ದೊಡ್ಡ ಊಟವನ್ನು ಬೆಳಗಿನ ಹತ್ತು ಗಂಟೆಗೆ ತಂದೆವು, ಏಕೆಂದರೆ ಸಂಜೆಯ ಹೊತ್ತಿಗೆ ಅವರು ದಣಿದಿರುತ್ತಿದ್ದರು. ಅದಕ್ಕೆ ಮುಂಚೆ ಅರ್ಧ ಗಂಟೆ ವಿಶ್ರಾಂತಿ. ಉಳಿದದ್ದನ್ನು ಐದು ಸಣ್ಣ ಊಟವಾಗಿ ಹಂಚಿದೆವು: ಹಾಲಿನಲ್ಲಿ ಬೇಯಿಸಿದ ಜೋಳದ ನುಚ್ಚು, ಹೆಸರುಬೇಳೆಯ ಕಿಚಡಿ, ಮೊಟ್ಟೆ, ಶೇಂಗಾ ಪುಡಿ. ದ್ರವದ ಮಿತಿಯನ್ನು ವೈದ್ಯರು ಒಂದೂವರೆ ಲೀಟರಿಗೆ ಏರಿಸಿದರು. ಅದರಲ್ಲಿ ನೀರಿಗಿಂತ ಮೊದಲು ಹಾಲು, ಉಪ್ಪಿಲ್ಲದ ಮಜ್ಜಿಗೆ ಎಂದು ಹೇಳಿದೆವು. ಇಡೀ ದಿನದ ಉಪ್ಪನ್ನು ಒಂದು ಸಣ್ಣ ಡಬ್ಬಿಗೆ, ಮುಕ್ಕಾಲು ಚಮಚ, ಬೆಳಿಗ್ಗೆಯೇ ಅಳೆದಿಟ್ಟು ಅದರಿಂದಲೇ ಅಡುಗೆಗೆ ಹಾಕುವುದು. ಔಷಧಗಳನ್ನು ಜನೌಷಧಿ ಕೇಂದ್ರಕ್ಕೆ ಬದಲಿಸಿದ್ದರಿಂದ ಜೋಳಕ್ಕೆ ದುಡ್ಡು ಉಳಿಯಿತು. ಈ ಒಂದು ಬದಲಾವಣೆ ನನ್ನ ಉಳಿದ ಸಲಹೆಗಳಿಗಿಂತ ಹೆಚ್ಚು ಕೆಲಸ ಮಾಡಿದ್ದೀತು.

ಮೂರು ತಿಂಗಳು

ಪಂಚಮಿಗೆ ಮಗಳು ತವರಿಗೆ ಬಂದರು. ಹಬ್ಬ ಮುಗಿದ ಮೂರನೆಯ ದಿನ ರೋಗಿಯ ತೂಕ 1.8 ಕಿಲೋ ಏರಿತ್ತು. ಮನೆಗೆಲ್ಲ ಸಂತೋಷ. ಆದರೆ ಉಂಗುರದ ದಾರ ಬಿಚ್ಚಬೇಕಾಗಿ ಬಂದಿಲ್ಲವಲ್ಲ ಎಂದು ಹೆಂಡತಿಗೆ ಹೊಳೆದು, ಕಣಕಾಲು ಒತ್ತಿ ನೋಡಿದರೆ ಬೆರಳಿನ ಗುಳಿ ಬಿತ್ತು. ಅಂದೇ ಫೋನ್ ಮಾಡಿದರು. ಹಚ್ಚಿದ ಅಳ್ಳು, ಚಕ್ಕಲಿಯ ಉಪ್ಪು ಹಿಡಿದಿಟ್ಟ ನೀರದು. ಫ್ಯೂರೋಸೆಮೈಡನ್ನು ನಾಲ್ಕು ದಿನ ಹೆಚ್ಚಿಸಿದ್ದರಿಂದ ಆಸ್ಪತ್ರೆಗೆ ಸೇರಿಸದೆಯೇ ಇಳಿಯಿತು. ತಂದೆ ಶೇಂಗಾ ಉಂಡಿ, ಎಳ್ಳುಂಡಿ ತಿಂದದ್ದನ್ನು ಮಗಳು ತಪ್ಪೊಪ್ಪಿಗೆಯ ದನಿಯಲ್ಲಿ ಹೇಳಿದಾಗ, ಅವನ್ನು ಮುಂದುವರಿಸಲು ಹೇಳಿದೆ.

ಆಗಸ್ಟ್ ಕೊನೆಗೆ, ಬಾವಿಲ್ಲದೆ, ಅವರ ತೂಕ 52.3 ಕಿಲೋ. ತೋಳಿನ ಸುತ್ತಳತೆ 21.6 ಸೆಂ.ಮೀ., ಮುಷ್ಟಿಯ ಬಲ 18 ಕಿಲೋ. ಕಬ್ಬಿಣದ ಚುಚ್ಚುಮದ್ದಿನ ನಂತರ ಹಿಮೋಗ್ಲೋಬಿನ್ 11.4. ಕಟ್ಟಿಸಿದ ಹಲ್ಲನ್ನು ಇನ್ನೂ ಸರಿಪಡಿಸಿಲ್ಲ, ಅದಕ್ಕೆ ಹಣ ಹೊಂದಿಲ್ಲ. ಹೃದಯ ವೈಫಲ್ಯಕ್ಕೆ ಕೊಡುವ ಡಾಪಾಗ್ಲಿಫ್ಲೋಜಿನ್ ತೂಕವನ್ನು ಸ್ವಲ್ಪ ಇಳಿಸುವ ಗುಣದ್ದಾದ್ದರಿಂದ, ಊಟ ನೆಲೆನಿಂತ ಮೇಲೆ ಈ ಭೇಟಿಯಲ್ಲಿ ವೈದ್ಯರು ಅದನ್ನು ಶುರುಮಾಡಿದ್ದಾರೆ; ಎರಡು ವಾರಕ್ಕೊಮ್ಮೆ ತೋಳು ಅಳೆಯುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ಮಗ್ಗ ತುಳಿಯುವಷ್ಟು ಕಾಲಿನ ಬಲ ಬಂದಿಲ್ಲ. ಕೂತು ಕಂಡಿಕೆ ಸುತ್ತುವುದನ್ನು ದಿನಕ್ಕೆ ಒಂದು ಗಂಟೆ ಮಾಡುತ್ತಾರೆ. ಹೊರಡುವ ಮುನ್ನ ಉಂಗುರ ತೆಗೆದು ನನ್ನ ಮೇಜಿನ ಮೇಲಿಟ್ಟರು. ಅದರಲ್ಲಿ ಏಳು ಸುತ್ತು ದಾರವಿತ್ತು.